ಗೋಡೆಯ ಸ್ವಿಚ್ಚು ಮತ್ತು ಕಂಪ್ಯೂಟರಿನ ನಿದ್ರೆ

ನಮ್ಮ ಮನೆಯಲ್ಲಿ ರಾತ್ರಿ ಮಲಗುವ ಮುನ್ನ ಕೋಣೆ ಕೋಣೆಗೂ ಹೋಗಿ ಸ್ವಿಚ್ಚುಗಳನ್ನು ಆರಿಸಿ ಬರುವುದು ಅಮ್ಮನ ಪಾಲಿನ ಕೆಲಸ. ರಿಮೋಟಿನಿಂದ ಟೀವಿಯನ್ನು ಆರಿಸಿದರೆ ಅದು ಆರಿದಂತಲ್ಲ ಎಂಬುದು ಅವಳ ಖಚಿತ ಅಭಿಪ್ರಾಯ. ಗೋಡೆಯ ಸ್ವಿಚ್ಚು ಮೇಲಕ್ಕೆದ್ದರೆ ಮಾತ್ರ ಆರಿದಂತೆ. ಕಳೆದ ವರ್ಷದ ಮಳೆಗಾಲದ ಒಂದು ರಾತ್ರಿ ನಾನು ಕಂಪ್ಯೂಟರನ್ನು ಸಸ್ಪೆಂಡ್ ಮಾಡಿ, ಅಂದರೆ ಬಂದ್ ಮಾಡದೆ ನಿದ್ರೆಗೆ ಕಳಿಸಿ, ಎದ್ದುಹೋದೆ. ಪರದೆ ಕಪ್ಪಾಗಿತ್ತು, ಡಬ್ಬದೊಳಗಿನ ಫ್ಯಾನ್ ನಿಂತಿತ್ತು, ಮುಂಭಾಗದ ಪುಟ್ಟ ದೀಪವೊಂದು ಮಾತ್ರ ಮಿಣುಕುತ್ತಿತ್ತು. ಅಮ್ಮ ಎಂದಿನಂತೆ ಬಂದು ಸ್ವಿಚ್ ಆರಿಸಿದಳು. ಬೆಳಿಗ್ಗೆ ಕೀಲಿಮಣೆಯನ್ನು ಒತ್ತಿದರೆ ಏನೂ ಆಗಲಿಲ್ಲ. ಸ್ವಿಚ್ ಹಾಕಿ ಡಬ್ಬದ ಗುಂಡಿ ಒತ್ತಿದಾಗ ಕಂಪ್ಯೂಟರ್ ಮೊದಲಿನಿಂದ ಶುರುವಾಯಿತು. 240 ಪುಟಗಳ ಪುಸ್ತಕವೊಂದರ ವಿನ್ಯಾಸದಲ್ಲಿ ಹಿಂದಿನ ಸಂಜೆ ನಾನು ಮಾಡಿದ್ದ ಸುಮಾರು ಎರಡು ಗಂಟೆಯ ತಿದ್ದುಪಡಿಗಳು ಉಳಿದಿರಲಿಲ್ಲ. ಕಡತವನ್ನು ಉಳಿಸದೆ ಎದ್ದುಹೋದದ್ದು ನನ್ನದೇ ತಪ್ಪು. "ಪರದೆ ಕಪ್ಪಗಿತ್ತು, ನೀನು ಬಂದ್ ಮಾಡಿ ಸ್ವಿಚ್ ಆರಿಸೋದು ಮರ್ತಿದ್ದೀಯ ಅಂದ್ಕೊಂಡೆ ಮಾರಾಯ" ಎಂದಳು ಅಮ್ಮ. ಅವಳ ಲೆಕ್ಕ ತಪ್ಪೆನ್ನುವಂತಿರಲಿಲ್ಲ.

ಇಷ್ಟಕ್ಕೂ ರಾತ್ರಿ ಕಂಪ್ಯೂಟರನ್ನು ನೆಟ್ಟಗೆ ಬಂದ್ ಮಾಡಿ ಮಲಗಿದರೇನು ಎಂದು ಕೇಳಬಹುದು. ಕರಡು ತಿದ್ದುವ ಕೆಲಸದಲ್ಲಿ ಇರುವವರಿಗೆ ಉತ್ತರ ಗೊತ್ತಿರುತ್ತದೆ. ಲೇಖಕರು ಕಳಿಸಿದ ಹಸ್ತಪ್ರತಿಯ ಸ್ಕ್ಯಾನ್ ಒಂದು ಕಿಟಕಿಯಲ್ಲಿ, ವಿನ್ಯಾಸದ ಕಡತ ಇನ್ನೊಂದರಲ್ಲಿ, ಎರಡು ನಿಘಂಟುಗಳು, ಹಳೆಯ ಆವೃತ್ತಿಯ ಪಿಡಿಎಫ್, ಪ್ರತಿಯೊಂದೂ ಒಂದೊಂದು ಪುಟದ ಒಂದೊಂದು ಸಾಲಿನಲ್ಲಿ ನಿಂತಿರುತ್ತದೆ. ಕಂಪ್ಯೂಟರ್ ಶುರುವಾಗಲು ಬೇಕಾಗುವುದು ಅರ್ಧ ನಿಮಿಷ; ಆದರೆ ಇವನ್ನೆಲ್ಲ ತೆರೆದು, ಹಿಂದಿನ ದಿನ ಬಿಟ್ಟ ಜಾಗವನ್ನು ಹುಡುಕಿ, ಕೈಗೆ ಕೆಲಸ ಹತ್ತುವ ಹೊತ್ತಿಗೆ ಕಾಲು ಗಂಟೆಯಾದರೂ ಕಳೆದಿರುತ್ತದೆ. ಸಸ್ಪೆಂಡ್ ಮಾಡಿದರೆ ಮೂರು ನಾಲ್ಕು ಸೆಕೆಂಡುಗಳಲ್ಲಿ ಎಲ್ಲವೂ ಇದ್ದಲ್ಲಿಯೇ ಎದುರಾಗುತ್ತದೆ. ಈ ಸುಖಕ್ಕೆ ಒಮ್ಮೆ ಒಗ್ಗಿಕೊಂಡವರು ಹಿಂದಕ್ಕೆ ಹೋಗುವುದು ಕಷ್ಟ. ಆದ್ದರಿಂದ ಆ ಬೆಳಿಗ್ಗೆಯ ನಂತರ ನಾನು ಸಸ್ಪೆಂಡನ್ನು ಬಿಡಲಿಲ್ಲ. ಅದು ನಿಜಕ್ಕೂ ಏನು ಮಾಡುತ್ತದೆ ಎಂಬುದನ್ನು ತಿಳಿಯಲು ಕುಳಿತೆ.

ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಶಿಬಾ ಕಂಪನಿಗಳು ಸೇರಿ 1996ರ ಡಿಸೆಂಬರ್‌ನಲ್ಲಿ ಎಸಿಪಿಐ ಎಂಬ ನಿಯಮಾವಳಿಯೊಂದನ್ನು ಹೊರತಂದವು. ಕಂಪ್ಯೂಟರಿನ ಎಚ್ಚರ ಮತ್ತು ನಿದ್ರೆಯ ಮಟ್ಟಗಳಿಗೆ ಎಸ್0ಯಿಂದ ಎಸ್5ರವರೆಗೆ ಹೆಸರು ಬಂದದ್ದು ಅಲ್ಲಿಂದ. ಎಸ್0 ಎಂದರೆ ಪೂರ್ಣ ಎಚ್ಚರ, ಎಸ್3 ಎಂದರೆ ನಾವು ಸಸ್ಪೆಂಡ್ ಅಥವಾ ಸ್ಲೀಪ್ ಎನ್ನುವುದು, ಎಸ್4 ಎಂದರೆ ಹೈಬರ್ನೇಟ್ (ನೆನಪನ್ನು ಡಿಸ್ಕಿಗೆ ಬರೆದಿಟ್ಟು ಆರುವುದು), ಎಸ್5 ಎಂದರೆ ಬಂದ್ ಆದ ಸ್ಥಿತಿ. ಎಸ್3ರಲ್ಲಿ ಪ್ರೊಸೆಸರ್, ಡಿಸ್ಕ್, ಫ್ಯಾನುಗಳೆಲ್ಲ ನಿಂತರೂ, ತೆರೆದ ಕೆಲಸವನ್ನು ತಾತ್ಕಾಲಿಕವಾಗಿ ಹಿಡಿದಿಡುವ ರ‍್ಯಾಮ್‌ಗೆ ಮಾತ್ರ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಹರಿಯಲೇಬೇಕು, ಏಕೆಂದರೆ ರ‍್ಯಾಮ್‌ನ ಪ್ರತಿಯೊಂದು ಕೋಶವೂ ತನ್ನ ಮಾಹಿತಿಯನ್ನು ಅತಿಸಣ್ಣ ಕೆಪಾಸಿಟರ್ ಒಂದರಲ್ಲಿ ವಿದ್ಯುದಾವೇಶವಾಗಿ ಇಟ್ಟುಕೊಂಡಿರುತ್ತದೆ, ಮತ್ತು ಆ ಕೆಪಾಸಿಟರ್ ತೂತು ಬಿದ್ದ ಕೊಡಪಾನದಂತೆ ಸದಾ ಸೋರುತ್ತಿರುತ್ತದೆ. ಸಾಮಾನ್ಯ ಉಷ್ಣತೆಯಲ್ಲಿ 64 ಮಿಲಿಸೆಕೆಂಡುಗಳಿಗೆ ಒಮ್ಮೆಯಾದರೂ ಪ್ರತಿ ಕೋಶವನ್ನೂ ಓದಿ ಮತ್ತೆ ತುಂಬಬೇಕು. ಸಸ್ಪೆಂಡ್ ಆದಾಗ ಈ ಕೆಲಸವನ್ನು ರ‍್ಯಾಮ್ ತಾನೇ ವಹಿಸಿಕೊಳ್ಳುತ್ತದೆ. ನಾವು ಮಲಗಿರುವ ಇಡೀ ರಾತ್ರಿ ಅದು ತುಂಬುತ್ತಲೇ ಇರುತ್ತದೆ.

ಈ ವಿದ್ಯುತ್ತು ಎಲ್ಲಿಂದ ಬರುತ್ತದೆ ಎಂಬಲ್ಲಿಯೇ ಲ್ಯಾಪ್‌ಟಾಪ್‌ಗೂ ಡೆಸ್ಕ್‌ಟಾಪ್‌ಗೂ ಇರುವ ವ್ಯತ್ಯಾಸವಿದೆ. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇದೆ. ಪ್ಲಗ್ ಕಿತ್ತರೂ ರ‍್ಯಾಮ್‌ಗೆ ತಿಳಿಯುವುದಿಲ್ಲ. ಡೆಸ್ಕ್‌ಟಾಪಿನಲ್ಲಿ ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಹೋಗುವ ದಪ್ಪ ತಂತಿಗಳ ಗೊಂಚಲಿನಲ್ಲಿ ನೇರಳೆ ಬಣ್ಣದ ಒಂದು ತಂತಿ ಇರುತ್ತದೆ. (ಈಗಿನ ಕೆಲವು ಎಸ್‌ಎಂಪಿಎಸ್‌ಗಳಲ್ಲಿ ಎಲ್ಲ ತಂತಿಗಳೂ ಕಪ್ಪಾಗಿರುವುದರಿಂದ ಹುಡುಕುವುದು ಕಷ್ಟ.) ಉಳಿದ ಸಾಲುಗಳೆಲ್ಲ ಕಂಪ್ಯೂಟರ್ ಎಚ್ಚರವಿದ್ದಾಗ ಮಾತ್ರ ಜೀವಂತವಾಗಿದ್ದರೆ, ಈ ನೇರಳೆ ತಂತಿ ಗೋಡೆಯ ಸ್ವಿಚ್ಚು ಹಾಕಿರುವವರೆಗೂ 5 ವೋಲ್ಟುಗಳನ್ನು ಕೊಡುತ್ತಲೇ ಇರುತ್ತದೆ. ಸಸ್ಪೆಂಡ್ ಆದ ಡೆಸ್ಕ್‌ಟಾಪಿನ ನೆನಪೆಲ್ಲ ನೇತಾಡುವುದು ಈ ಒಂದು ಎಳೆಯ ಮೇಲೆ. ಅಮ್ಮ ಸ್ವಿಚ್ ಆರಿಸಿದರೂ ಅಷ್ಟೆ, ಗಾಳಿಗೆ ತಂತಿಯ ಮೇಲೆ ಮರದ ಕೊಂಬೆ ಬಿದ್ದು ಕರೆಂಟ್ ಹೋದರೂ ಅಷ್ಟೆ. ಕಂಪ್ಯೂಟರಿನ ಕೈಪಿಡಿಗಳೆಲ್ಲ ಸಸ್ಪೆಂಡ್ ಮತ್ತು ಹೈಬರ್ನೇಟ್‌ಗಳ ವ್ಯತ್ಯಾಸವನ್ನು ವೇಗ ಮತ್ತು ಉಳಿತಾಯದ ಮಾತಿನಲ್ಲಿ ಹೇಳುತ್ತವೆ. ನನಗನ್ನಿಸುವಂತೆ, ಬ್ಯಾಟರಿ ಇಲ್ಲದ ಯಂತ್ರಕ್ಕೆ ಸಂಬಂಧಿಸಿದಂತೆ ಪ್ರಶ್ನೆ ಇರುವುದು ಒಂದೇ: ನಿಮ್ಮ ಮನೆಗೆ ಬರುವ ವಿದ್ಯುತ್ ಲೈನನ್ನು ನೀವು ಎಷ್ಟು ನಂಬುತ್ತೀರಿ?

ಉಳಿತಾಯದ ಮಾತು ಬಂದದ್ದರಿಂದ, ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ವ್ಯಾಟ್ ಮೀಟರ್ ಒಂದನ್ನು ತಂದು ಅಳೆದ ಅಂಕಿಗಳನ್ನೂ ಹೇಳಿಬಿಡುತ್ತೇನೆ. ಮಾನಿಟರನ್ನು ಬಿಟ್ಟು ನನ್ನ ಡಬ್ಬವೊಂದೇ ಸುಮ್ಮನೆ ಎಚ್ಚರವಿದ್ದಾಗ ಸುಮಾರು 45 ವ್ಯಾಟ್, ಸಸ್ಪೆಂಡ್ ಆದಾಗ ಎರಡೂವರೆ, ಹೈಬರ್ನೇಟ್ ಆದಾಗ ಒಂದು ವ್ಯಾಟಿನ ಆಸುಪಾಸು. ರಾತ್ರಿಗೆ ಹತ್ತು ಗಂಟೆ ಎಂದು ಹಿಡಿದರೆ, ಎಚ್ಚರವಾಗಿ ಬಿಟ್ಟ ಕಂಪ್ಯೂಟರ್ ತಿಂಗಳಿಗೆ ಹದಿಮೂರೂವರೆ ಯೂನಿಟ್ ತಿನ್ನುತ್ತದೆ. ಸಸ್ಪೆಂಡ್ ಆದದ್ದು ಮುಕ್ಕಾಲು ಯೂನಿಟ್. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಗಳಿಗೆ ಆ ಹದಿಮೂರು ಯೂನಿಟ್ ಸಣ್ಣದಲ್ಲ. ಆದರೆ ಸಸ್ಪೆಂಡ್ ಮತ್ತು ಹೈಬರ್ನೇಟ್‌ಗಳ ನಡುವಿನ ಅಂತರ ತಿಂಗಳಿಗೆ ಅರ್ಧ ಯೂನಿಟ್ಟೂ ಇಲ್ಲ. ವಿದ್ಯುತ್ ಉಳಿಸುವುದಕ್ಕಾಗಿ ಹೈಬರ್ನೇಟ್ ಮಾಡುತ್ತೇನೆ ಎನ್ನುವವರು ಆ ಕಾರಣವನ್ನು ಬಿಡಬಹುದು.

ಹೈಬರ್ನೇಟ್ ಎಂಬ ಪದವನ್ನು ಕನ್ನಡದ ಜೀವಶಾಸ್ತ್ರದವರು ಶಿಶಿರನಿದ್ರೆ ಎನ್ನುತ್ತಾರೆ. ನಮ್ಮ ಕಡೆ ಚಳಿಗೆ ಮಲಗುವ ಕರಡಿಗಳಿಲ್ಲ. ಬೇಸಗೆಯಲ್ಲಿ ಮಣ್ಣಿನೊಳಗೆ ಸೇರಿ ಮೊದಲ ಮಳೆಗೆ ಹೊರಬರುವ ಕಪ್ಪೆಗಳಿವೆ. ಕಂಪ್ಯೂಟರಿನದ್ದು ಎರಡೂ ಅಲ್ಲ, ಏಕೆಂದರೆ ಮಲಗಿದ ಪ್ರಾಣಿಯಲ್ಲಿ ಉಸಿರಾದರೂ ಇರುತ್ತದೆ, ಹೈಬರ್ನೇಟ್ ಆದ ಯಂತ್ರದಲ್ಲಿ ಅದೂ ಇರಬೇಕಾಗಿಲ್ಲ. ಅದು ಮಾಡುವುದು ಹೀಗೆ: ಮೊದಲು ನಡೆಯುತ್ತಿರುವ ಎಲ್ಲ ಪ್ರೋಗ್ರಾಮುಗಳನ್ನು ಇದ್ದಲ್ಲಿಯೇ ನಿಲ್ಲಿಸುತ್ತದೆ, ರ‍್ಯಾಮ್‌ನಲ್ಲಿ ಇರುವುದರ ಒಂದು ಪ್ರತಿಯನ್ನು ಒಂದೇ ಕ್ಷಣದ ಚಿತ್ರದಂತೆ ತೆಗೆಯುತ್ತದೆ, ಆ ಪ್ರತಿಯನ್ನು ಡಿಸ್ಕಿಗೆ ಬರೆಯುತ್ತದೆ, ನಂತರ ಪೂರ್ತಿಯಾಗಿ ಆರಿಹೋಗುತ್ತದೆ. ಮರುದಿನ ಗುಂಡಿ ಒತ್ತಿದಾಗ ಎಂದಿನಂತೆಯೇ ಹೊಸ ಕರ್ನಲ್ (ಕಾರ್ಯಾಚರಣೆ ವ್ಯವಸ್ಥೆಯ ತಿರುಳು) ಒಂದು ಶುರುವಾಗುತ್ತದೆ. ಆದರೆ ಅದು ಡಿಸ್ಕಿನಲ್ಲಿ ಬರೆದಿಟ್ಟ ಪ್ರತಿಯನ್ನು ಕಂಡು, ಅದನ್ನು ರ‍್ಯಾಮ್‌ಗೆ ಓದಿಕೊಂಡು, ತನ್ನ ಜಾಗವನ್ನು ನಿನ್ನೆಯ ಕರ್ನಲ್‌ಗೆ ಬಿಟ್ಟುಕೊಟ್ಟು ಇಲ್ಲವಾಗುತ್ತದೆ. ನಿನ್ನೆಯ ಕರ್ನಲ್‌ಗೆ ನಡುವೆ ಏನೂ ನಡೆದಂತೆ ತೋರುವುದಿಲ್ಲ, ಗಡಿಯಾರ ಮಾತ್ರ ಮುಂದೆ ಹೋಗಿರುತ್ತದೆ. ಈ ಏರ್ಪಾಟಿನ ಬಗ್ಗೆ ಓದಿದ ದಿನ ನಾನು ಸಾಕಷ್ಟು ಹೊತ್ತು ಬೇರೆ ಕೆಲಸ ಮಾಡಲಿಲ್ಲ.

ಓದಿದಷ್ಟು ಸುಲಭವಾಗಿ ಅದು ನನ್ನ ಲಿನಕ್ಸ್ ಯಂತ್ರದಲ್ಲಿ ನಡೆಯಲಿಲ್ಲ. ಮೊದಲ ಪ್ರಯತ್ನದಲ್ಲಿ ಸ್ವಾಪ್ ಜಾಗ ಸಾಲದು ಎಂಬ ಸಂದೇಶ ಬಂತು. ಲಿನಕ್ಸ್‌ನಲ್ಲಿ ಆ ಪ್ರತಿಯನ್ನು ಬರೆಯುವುದು ಸ್ವಾಪ್‌ನಲ್ಲಿ, ಅಂದರೆ ರ‍್ಯಾಮ್‌ನಲ್ಲಿ ಹಿಡಿಸದ್ದನ್ನು ಇಡಲು ಡಿಸ್ಕಿನಲ್ಲಿ ಮೀಸಲಿಟ್ಟ ಜಾಗದಲ್ಲಿ. ನನ್ನ ರ‍್ಯಾಮ್ 16 ಜಿಬಿ, ಸ್ವಾಪ್ 2 ಜಿಬಿ. ಡಿಸ್ಕಿಗೆ ಬರೆಯುವ ಆ ಪ್ರತಿಯು ರ‍್ಯಾಮ್‌ನಷ್ಟೇ ದೊಡ್ಡದಾಗಿರಬೇಕೆಂದೇನೂ ಇಲ್ಲ. ಕರ್ನಲ್ ಅದನ್ನು ತಾನಾಗಿಯೇ ರ‍್ಯಾಮ್‌ನ ಐದರಲ್ಲಿ ಎರಡು ಭಾಗದೊಳಗೆ ಇಡಲು ನೋಡುತ್ತದೆ, ಮೇಲಾಗಿ ಬರೆಯುವಾಗ ಕುಗ್ಗಿಸುತ್ತದೆ. ಆದರೆ ಆ ಅಳತೆಗೆ ಇಳಿಸುವುದಕ್ಕಾಗಿ ಹೊರಗೆ ತಳ್ಳಿದ ರ‍್ಯಾಮ್‌ನ ತುಣುಕುಗಳೂ ಅದೇ ಸ್ವಾಪ್‌ಗೆ ಬರುವುದರಿಂದ, ರ‍್ಯಾಮ್‌ನಷ್ಟೇ ಸ್ವಾಪ್ ಇಟ್ಟುಕೊಳ್ಳುವುದು ನಿಶ್ಚಿಂತೆಯ ದಾರಿ. ಲಿನಕ್ಸ್‌ನ ಕೆಲವು ವಿತರಣೆಗಳು (ಬೇರೆ ಬೇರೆ ಬಳಗಗಳು ಹೊರತರುವ ರೂಪಗಳು) ಜೀರ‍್ಯಾಮ್ ಎಂಬ, ರ‍್ಯಾಮ್‌ನೊಳಗೇ ಇರುವ ಸ್ವಾಪನ್ನು ಕೊಡುತ್ತವೆ. ಅದು ಈ ಕೆಲಸಕ್ಕೆ ಬಾರದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಳೆಯದನ್ನು ಅಳಿಸಿ 16 ಜಿಬಿಯ ಸ್ವಾಪ್ ಕಡತವನ್ನು ಮಾಡಿಕೊಂಡೆ. ಈ ಸಲ ಕಂಪ್ಯೂಟರ್ ಗಂಭೀರವಾಗಿ ಏನನ್ನೋ ಬರೆದು ಆರಿತು. ಗುಂಡಿ ಒತ್ತಿದರೆ ಖಾಲಿ ಮೇಜು. ಕಾರಣ ತಿಳಿಯಲು ಒಂದು ಸಂಜೆ ಹಿಡಿಯಿತು: ಸ್ವಾಪ್ ಡಿಸ್ಕಿನ ಬೇರೆ ವಿಭಾಗವಾಗಿದ್ದರೆ ಅದರ ಗುರುತನ್ನು ಮಾತ್ರ ಕರ್ನಲ್‌ಗೆ ಹೇಳಿದರೆ ಸಾಕು, ಆದರೆ ಅದು ಕಡತವಾಗಿದ್ದರೆ ಆ ಕಡತ ಡಿಸ್ಕಿನ ಎಷ್ಟನೆಯ ಬ್ಲಾಕಿನಿಂದ ಶುರುವಾಗುತ್ತದೆ ಎಂಬ ಸಂಖ್ಯೆಯನ್ನೂ ಬೂಟ್ ಸಾಲಿನಲ್ಲಿ (ಶುರುವಾಗುವಾಗ ಕರ್ನಲ್‌ಗೆ ಕೊಡುವ ಸೂಚನೆಯಲ್ಲಿ) ಬರೆದಿಡಬೇಕು, ಏಕೆಂದರೆ ಎಚ್ಚರಾಗುವ ಆ ಹೊತ್ತಿನಲ್ಲಿ ಕಡತಗಳ ಲೋಕವೇ ಇನ್ನೂ ತೆರೆದಿರುವುದಿಲ್ಲ. ಅಂದರೆ ನನ್ನ ಯಂತ್ರ ರಾತ್ರಿ ಚೀಟಿ ಬರೆದಿಟ್ಟಿತ್ತು, ಎಲ್ಲಿಟ್ಟೆ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಲಿನಕ್ಸ್‌ನ ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿ ಎಂಬ ತಂತ್ರಾಂಶದ 2023ರ ನಂತರದ ಆವೃತ್ತಿಗಳು ಈ ಜಾಗವನ್ನು ಮದರ್‌ಬೋರ್ಡಿನ ಯುಇಎಫ್‌ಐ (ಕಂಪ್ಯೂಟರನ್ನು ಶುರುಮಾಡುವ ಮೂಲ ತಂತ್ರಾಂಶ) ನೆನಪಿನಲ್ಲಿ ತಾವೇ ಗುರುತು ಹಾಕಿಕೊಳ್ಳಬಲ್ಲವು. ನನ್ನದು ಹಳೆಯದು, ಕೈಯಾರೆ ಬರೆದೆ. ಇನ್ನೊಂದು ಅಡ್ಡಿ ಸೆಕ್ಯೂರ್ ಬೂಟ್, ಅಂದರೆ ನಂಬಿಕೆಯ ಸಹಿಯಿರುವ ತಂತ್ರಾಂಶದಿಂದ ಮಾತ್ರ ಕಂಪ್ಯೂಟರ್ ಶುರುವಾಗಲು ಬಿಡುವ ಕಾವಲು. ಅದು ಚಾಲನೆಯಲ್ಲಿದ್ದರೆ ಬಹುತೇಕ ವಿತರಣೆಗಳ ಕರ್ನಲ್ ಹೈಬರ್ನೇಟ್‌ಗೆ ಅವಕಾಶವನ್ನೇ ಕೊಡುವುದಿಲ್ಲ, ಏಕೆಂದರೆ ಡಿಸ್ಕಿನಲ್ಲಿಟ್ಟ ಪ್ರತಿಯನ್ನು ನಡುವೆ ಯಾರಾದರೂ ತಿದ್ದಿದ್ದರೆ ಪತ್ತೆಹಚ್ಚುವ ಉಪಾಯ ಅದರ ಬಳಿ ಇಲ್ಲ. ಮದರ್‌ಬೋರ್ಡಿನ ಸೆಟ್ಟಿಂಗುಗಳಿರುವ ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟನ್ನು ಆರಿಸಿದೆ. ಮನೆಯ ಯಂತ್ರವಾದ್ದರಿಂದ ಈ ಕೊಡುಕೊಳ್ಳುವಿಕೆ ನನಗೆ ಒಪ್ಪಿಗೆಯಾಯಿತು. ಕಚೇರಿಯ ಯಂತ್ರವಾಗಿದ್ದರೆ ಆರಿಸುತ್ತಿರಲಿಲ್ಲ. ತೆರೆದಿದ್ದ ಪಾಸ್‌ವರ್ಡುಗಳೂ ಹಸ್ತಪ್ರತಿಗಳೂ ಆ ಪ್ರತಿಯೊಳಗೆ ಇದ್ದಂತೆಯೇ ಇರುತ್ತವೆ ಎಂಬುದನ್ನೂ ನೆನಪಿಡಬೇಕು: ಸ್ವಾಪ್‌ಗೆ ಗೂಢಲಿಪಿಯ ಬೀಗವಿಲ್ಲದಿದ್ದರೆ, ಡಿಸ್ಕ್ ಕೈಗೆ ಸಿಕ್ಕವರು ಅವನ್ನು ಓದಬಲ್ಲರು.

ಒಂದೇ ಯಂತ್ರದಲ್ಲಿ ಲಿನಕ್ಸನ್ನೂ ವಿಂಡೋಸನ್ನೂ ಇಟ್ಟುಕೊಂಡವರು ಇದಕ್ಕಿಂತ ದೊಡ್ಡ ಅಪಾಯವೊಂದನ್ನು ತಿಳಿದಿರಬೇಕು. ಹೈಬರ್ನೇಟ್ ಆದ ವ್ಯವಸ್ಥೆ ಎಂದರೆ, ತೆರೆದ ಕಡತಗಳ ಪಟ್ಟಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮಲಗಿದ ವ್ಯವಸ್ಥೆ. ಅದು ಮಲಗಿರುವಾಗ ಇನ್ನೊಂದು ವ್ಯವಸ್ಥೆ ಎದ್ದು ಇಬ್ಬರಿಗೂ ಸೇರಿದ ವಿಭಾಗದಲ್ಲಿ ಕಡತಗಳನ್ನು ಬದಲಿಸಿದರೆ, ಮೊದಲಿನದು ಎಚ್ಚರಾದಾಗ ತನ್ನ ಹಳೆಯ ಪಟ್ಟಿಯನ್ನೇ ನಂಬಿ ಬರೆಯುತ್ತದೆ, ಮತ್ತು ಆ ವಿಭಾಗ ಕೆಡುತ್ತದೆ. ಇದರಲ್ಲಿ ಮೋಸದ ಅಂಶವೆಂದರೆ ವಿಂಡೋಸ್ 8ರ ಕಾಲದಿಂದ, ಅಂದರೆ 2012ರಿಂದ, ಫಾಸ್ಟ್ ಸ್ಟಾರ್ಟಪ್ ಎಂಬ ಸೌಕರ್ಯ ಚಾಲನೆಯಲ್ಲಿದ್ದರೆ ಶಟ್‌ಡೌನ್ ಎಂದು ಒತ್ತಿದಾಗಲೂ ವಿಂಡೋಸ್ ಪೂರ್ತಿ ಬಂದ್ ಆಗುವುದಿಲ್ಲ. ಬಳಕೆದಾರರ ಪ್ರೋಗ್ರಾಮುಗಳನ್ನು ಮುಚ್ಚಿ, ತನ್ನ ಕರ್ನಲನ್ನು ಮಾತ್ರ ಹೈಬರ್ನೇಟ್ ಮಾಡುತ್ತದೆ. ರೀಸ್ಟಾರ್ಟ್ ಎಂದರೆ ಮಾತ್ರ ನಿಜವಾಗಿ ಬಂದ್ ಆಗಿ ಮತ್ತೆ ಏಳುತ್ತದೆ, ಹೆಸರುಗಳು ಅದಲುಬದಲಾದಂತೆ. ಎರಡು ವ್ಯವಸ್ಥೆಗಳಿರುವ ಯಂತ್ರದಲ್ಲಿ ಈ ಸೌಕರ್ಯವನ್ನು ಆರಿಸುವುದು ಮೊದಲ ಕೆಲಸ.

ಇವೆರಡರ ನಡುವೆ ಮೂರನೆಯದೊಂದಿದೆ, ಮತ್ತು ಡೆಸ್ಕ್‌ಟಾಪಿಗೆ ನಿಜಕ್ಕೂ ಒಪ್ಪುವುದು ಅದೇ ಎಂಬುದು ನನ್ನ ತೀರ್ಮಾನ. ಹೈಬ್ರಿಡ್ ಸ್ಲೀಪ್ ಎಂಬ ಈ ಬಗೆಯಲ್ಲಿ ಕಂಪ್ಯೂಟರ್ ಹೈಬರ್ನೇಟ್‌ಗೆ ಮಾಡುವಂತೆಯೇ ರ‍್ಯಾಮ್‌ನ ಪ್ರತಿಯನ್ನು ಡಿಸ್ಕಿಗೆ ಬರೆಯುತ್ತದೆ, ಆದರೆ ಬರೆದ ಮೇಲೆ ಆರುವ ಬದಲು ಸಸ್ಪೆಂಡ್ ಆಗುತ್ತದೆ. ಕರೆಂಟ್ ಇದ್ದರೆ ಮೂರು ಸೆಕೆಂಡಿನಲ್ಲಿ ರ‍್ಯಾಮ್‌ನಿಂದ ಏಳುತ್ತದೆ, ಬರೆದ ಪ್ರತಿಯನ್ನು ರದ್ದುಮಾಡುತ್ತದೆ. ಕರೆಂಟ್ ಹೋಗಿದ್ದರೆ ಅರ್ಧ ನಿಮಿಷ ತೆಗೆದುಕೊಂಡು ಡಿಸ್ಕಿನಿಂದ ಏಳುತ್ತದೆ. ವಿಂಡೋಸ್ ವಿಸ್ಟಾದ ಕಾಲದಿಂದ ಡೆಸ್ಕ್‌ಟಾಪುಗಳಲ್ಲಿ ಸ್ಲೀಪ್ ಎಂದರೆ ವಾಡಿಕೆಯಾಗಿ ಇದೇ ಆಗಿತ್ತೆಂದು ತಿಳಿದಾಗ, ಲಿನಕ್ಸ್‌ನಲ್ಲಿ ಅದನ್ನು ನಾನೇ ಕೇಳಿ ಪಡೆಯಬೇಕಾಯಿತಲ್ಲ ಎಂದು ಸ್ವಲ್ಪ ಬೇಸರವಾಯಿತು. ಡಬ್ಬದ ಗುಂಡಿಯನ್ನು ಒತ್ತಿದರೆ ಹೈಬ್ರಿಡ್ ಸ್ಲೀಪ್ ಆಗುವಂತೆ ವ್ಯವಸ್ಥೆ ಮಾಡಿಕೊಂಡಿದ್ದೇನೆ.

ಪ್ರತಿ ಸಲವೂ ಡಿಸ್ಕಿಗೆ ಬರೆದರೆ ಎಸ್‌ಎಸ್‌ಡಿ ಬೇಗ ಸವೆಯುವುದಿಲ್ಲವೆ ಎಂದು ಗೆಳೆಯರೊಬ್ಬರು ಎಚ್ಚರಿಸಿದರು. ಲೆಕ್ಕ ಹಾಕಿದೆ. ಸಲಕ್ಕೆ 5 ಜಿಬಿಯಂತೆ ದಿನಕ್ಕೆ ಎರಡು ಸಲ ಬರೆದರೆ ವರ್ಷಕ್ಕೆ ಮೂರೂಮುಕ್ಕಾಲು ಟೆರಾಬೈಟಿನೊಳಗೆ ಆಗುತ್ತದೆ. 500 ಜಿಬಿಯ ಸಾಧಾರಣ ಎಸ್‌ಎಸ್‌ಡಿಗಳಿಗೆ ತಯಾರಕರು ಹೇಳುವ ಬರವಣಿಗೆಯ ಮಿತಿ 150ರಿಂದ 300 ಟೆರಾಬೈಟುಗಳ ನಡುವೆ ಇರುತ್ತದೆ. ಕಡಿಮೆಯದನ್ನೇ ಹಿಡಿದರೂ ನಲವತ್ತು ವರ್ಷ. ಅಷ್ಟರಲ್ಲಿ ಸವೆಯುವುದು ಬೇರೆ ಏನೇನೋ ಇದೆ.

ಯುಪಿಎಸ್ ಇದ್ದರೆ ಇಷ್ಟೆಲ್ಲ ಯಾಕೆ ಎಂಬ ಮಾತೂ ಬಂತು. ನನ್ನಲ್ಲಿ 600 ವಿಎ ಯುಪಿಎಸ್ ಇದೆ, ಕೆಲಸ ಮಾಡುತ್ತಿರುವಾಗ ಹತ್ತು ಹದಿನೈದು ನಿಮಿಷ ಬರುತ್ತದೆ. ನಮ್ಮಲ್ಲಿ ಆಷಾಢದ ಗಾಳಿಗೆ ಹೋದ ಕರೆಂಟ್ ಹದಿನೈದು ನಿಮಿಷದಲ್ಲಿ ಬರುವುದು ಅಪರೂಪ. ಸಸ್ಪೆಂಡ್ ಆದ ಯಂತ್ರ ಎರಡೂವರೆ ವ್ಯಾಟ್ ಮಾತ್ರ ಎಳೆಯುವುದರಿಂದ ಯುಪಿಎಸ್ ಇಡೀ ರಾತ್ರಿ ಕಾಯಬೇಕಲ್ಲವೆ ಎಂದು ನಾನೂ ಭಾವಿಸಿದ್ದೆ. ಆದರೆ ಅಗ್ಗದ ಯುಪಿಎಸ್ ತನ್ನ ಸರ್ಕ್ಯೂಟಿಗೇ ಅದಕ್ಕಿಂತ ಹೆಚ್ಚು ಖರ್ಚುಮಾಡುತ್ತದೆ. ಇನ್ನು ಕೆಲವು ಯುಪಿಎಸ್‌ಗಳಲ್ಲಿ ಲೋಡ್ ಇಲ್ಲವೆಂದು ಕಂಡರೆ ಬ್ಯಾಟರಿ ಉಳಿಸಲು ತಾನೇ ಆರುವ ಏರ್ಪಾಟು ಇರುತ್ತದೆ, ಮತ್ತು ಮಲಗಿದ ಕಂಪ್ಯೂಟರ್ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಕೆಲಸದ ನಡುವೆ ಕರೆಂಟ್ ಹೋದಾಗ ನಿದ್ರೆಗೆ ಕಳಿಸಲು ಬೇಕಾದ ಅರ್ಧ ನಿಮಿಷವನ್ನು ಕೊಡುವುದಕ್ಕೆ ಯುಪಿಎಸ್ ಬೇಕು. ರಾತ್ರಿ ಕಾಯುವ ಕೆಲಸವನ್ನು ಅದಕ್ಕೆ ವಹಿಸಬಾರದು.

ಸಣ್ಣ ಕಾಟವೊಂದು ಉಳಿದಿತ್ತು. ರಾತ್ರಿ ಎರಡು ಗಂಟೆಗೆ ಕಂಪ್ಯೂಟರ್ ತಾನಾಗಿ ಎದ್ದು ಫ್ಯಾನ್ ತಿರುಗಿಸುತ್ತಿತ್ತು. ಯಾವ ಯಾವ ಸಾಧನಗಳಿಗೆ ಎಬ್ಬಿಸುವ ಅಧಿಕಾರವಿದೆ ಎಂಬ ಪಟ್ಟಿ ಲಿನಕ್ಸ್‌ನಲ್ಲಿ ಸಿಗುತ್ತದೆ. ವಿಂಡೋಸ್‌ನಲ್ಲಿ ಪವರ್‌ಸಿಎಫ್‌ಜಿ ಎಂಬ ಆದೇಶ ಕೊನೆಯ ಸಲ ಎಬ್ಬಿಸಿದವರು ಯಾರೆಂದೂ ಹೇಳುತ್ತದೆ. ನನ್ನ ವಿಷಯದಲ್ಲಿ ತಪ್ಪಿತಸ್ಥ ಮೌಸ್, ಮತ್ತು ಅದರ ಹಿಂದೆ ಮೇಜಿನ ಮೇಲೆ ಹಾರುವ ಬೆಕ್ಕು. ಮೌಸಿನ ಅಧಿಕಾರವನ್ನು ತೆಗೆದುಹಾಕಿ ಕೀಲಿಮಣೆಯದನ್ನು ಉಳಿಸಿಕೊಂಡೆ. ಬೆಕ್ಕು ಈಗ ಕೀಲಿಮಣೆಯ ಮೇಲೆ ಕೂರುವುದನ್ನು ಇನ್ನೂ ಕಲಿತಿಲ್ಲ.

ಈಗ ನನ್ನ ಕ್ರಮ ಹೀಗಿದೆ. ಹಗಲು ಊಟಕ್ಕೋ ತೋಟಕ್ಕೋ ಏಳುವಾಗ ಗುಂಡಿ ಒತ್ತುತ್ತೇನೆ, ಯಂತ್ರ ಹೈಬ್ರಿಡ್ ನಿದ್ರೆಗೆ ಹೋಗುತ್ತದೆ. ರಾತ್ರಿ ಪೂರ್ತಿ ಹೈಬರ್ನೇಟ್. ಅಮ್ಮ ಎಂದಿನಂತೆ ಸ್ವಿಚ್ ಆರಿಸಬಹುದು. ನಮ್ಮ ಕಡೆ ಮುಂಗಾರಿಗೆ ಮೊದಲು ಮತ್ತು ಅಕ್ಟೋಬರ್‌ನಲ್ಲಿ ಸಿಡಿಲು ಹೆಚ್ಚು, ಗುಡುಗು ಕೇಳಿದೊಡನೆ ಪ್ಲಗ್ ಕಿತ್ತಿಡುವುದು ಎಲ್ಲ ಮನೆಗಳ ವಾಡಿಕೆ. ಬರೀ ಸಸ್ಪೆಂಡ್‌ನಲ್ಲಿಟ್ಟಿದ್ದರೆ ಪ್ಲಗ್ ಕೀಳುವಂತಿಲ್ಲ, ಕೀಳದೆ ಬಿಟ್ಟರೆ ಮದರ್‌ಬೋರ್ಡಿನ ಆಸೆ ಬಿಡಬೇಕಾಗಬಹುದು. ಇಂಟರ್ನೆಟ್ ಕೇಬಲನ್ನೂ ಕೀಳಬೇಕೆಂಬುದನ್ನು ಹಲವರು ಮರೆಯುತ್ತಾರೆ.

ಕಳೆದ ಅಕ್ಟೋಬರ್‌ನ ಒಂದು ಮಧ್ಯಾಹ್ನ ನಾನು ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆಯನ್ನು ಮಳೆ ಬರುವ ಮೊದಲು ಬಾಚುತ್ತಿದ್ದಾಗ ಗುಡುಗಿತು. ಒಳಗಿನಿಂದ ಅಮ್ಮ ಕೂಗಿದಳು: "ದೀಪ ಮಿಣುಕ್ತಾ ಇದೆ, ಕೀಳಲಾ ಬೇಡವಾ?" ಕೀಳು ಎಂದೆ. ಮಳೆ ಎರಡು ಗಂಟೆ ಹೊಡೆಯಿತು, ಕರೆಂಟ್ ಹೋಗಿ ಸಂಜೆ ಆರಕ್ಕೆ ಬಂತು. ಪ್ಲಗ್ ಸಿಕ್ಕಿಸಿ ಗುಂಡಿ ಒತ್ತಿದೆ. ಕಪ್ಪು ಪರದೆಯ ಮೇಲೆ ಒಂದೆರಡು ಸಾಲು ಓಡಿದವು, ಆಮೇಲೆ 173ನೆಯ ಪುಟ, ಅರ್ಧ ತಿದ್ದಿದ ವಾಕ್ಯದ ಕೊನೆಯಲ್ಲಿ ಕರ್ಸರ್.